ಸುರಂಗದ ಇನ್ನೊಂದು ತುದಿ

"ಮಾವ, ನಮ್ ಪಿಜಿ ವೈಫೈ ಸೇಫಾ?"

ಅಕ್ಕನ ಮಗಳು ಹೀಗೆ ಕೇಳಿದ್ದಕ್ಕೆ ಕಾರಣ ಅವರ ಪಿಜಿ ಓನರ್ರು. ಬಾಡಿಗೆ ಕೊಡೋಕೆ ಹೋದಾಗ ಆತ ನಗ್ತಾ, "ರಾತ್ರಿ ಎರಡು ಗಂಟೆ ತನಕ ಯಾರ್ಯಾರು ಏನೇನು ನೋಡ್ತೀರಾ, ನಂಗೆಲ್ಲ ಕಾಣುತ್ತಮ್ಮ" ಅಂದಿದ್ದನಂತೆ. ತಮಾಷೆಗೇ ಅಂದಿರಬಹುದು. ಊರಿಂದ ಬಂದು ಮೊದಲ ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿಗೆ ಅದು ತಮಾಷೆ ಅನ್ನಿಸಲಿಲ್ಲ.

ಅರ್ಧ ಸುಳ್ಳು, ಅರ್ಧ ನಿಜ ಅಂದೆ. ಈಗ ಹೆಚ್ಚುಕಮ್ಮಿ ಎಲ್ಲ ವೆಬ್‌ಸೈಟುಗಳೂ ಎಚ್‌ಟಿಟಿಪಿಎಸ್‌ನಲ್ಲೇ ನಡೆಯೋದು. ನೀನು ಏನು ಟೈಪ್ ಮಾಡಿದೆ, ಯಾವ ಪುಟ ಓದಿದೆ, ಪಾಸ್‌ವರ್ಡ್ ಏನು, ಇದ್ಯಾವುದೂ ವೈಫೈ ಇಟ್ಟವನಿಗೆ ಕಾಣಲ್ಲ. ಆದ್ರೆ ಯಾವ ಸೈಟಿಗೆ ಹೋದೆ ಅನ್ನೋದು ಕಾಣುತ್ತೆ. ಫೋನು ಮೊದಲು ಸೈಟಿನ ಹೆಸರು ಹೇಳಿ ಅದರ ವಿಳಾಸ ಕೇಳುತ್ತಲ್ಲ, ಡಿಎನ್‌ಎಸ್ ಅಂತ, ಅದು ಇವತ್ತಿಗೂ ಬಹಳಷ್ಟು ಕಡೆ ಪಕ್ಕದಲ್ಲಿರೋರಿಗೆಲ್ಲ ಕೇಳೋ ಹಾಗೇ ಹೋಗುತ್ತೆ. ಕಾಗದ ಅಂಟಿಸಿದ ಲಕೋಟೆಯೊಳಗಿದೆ, ಮೇಲಿನ ವಿಳಾಸ ಮಾತ್ರ ಪೋಸ್ಟ್‌ಮ್ಯಾನ್‌ಗೆ ಕಾಣುತ್ತೆ ಅಂದುಕೋ. ಇಷ್ಟೇ ತಾನೇ ಅನ್ನೋ ಹಾಗಿಲ್ಲ. ಒಬ್ಬರ ಮನೆಗೆ ವಾರಕ್ಕೆ ಮೂರು ಸಲ ಕೋರ್ಟಿನ ವಿಳಾಸದಿಂದ ಲಕೋಟೆ ಬರ್ತಿದ್ದರೆ ಒಳಗೆ ಏನಿದೆ ಅಂತ ಒಡೆದು ನೋಡಬೇಕಾ?

"ಹಂಗಾದ್ರೆ ವಿಪಿಎನ್ ಹಾಕ್ಕೊಳ್ಲಾ? ಯೂಟ್ಯೂಬಲ್ಲಿ ಬರ್ತಾ ಇರುತ್ತಲ್ಲ ಆಡು."

ಇಲ್ಲಿ ನನ್ನೊಳಗಿನ ಎಂಜಿನಿಯರ್ ಎದ್ದು ಕೂತ. ವಿಪಿಎನ್ ಅಂದ್ರೆ ಬೀಗ ಹಾಕಿದ ಸುರಂಗ. ನಿನ್ನ ಫೋನಿಂದ ಹೊರಟಿದ್ದೆಲ್ಲ ಅದರೊಳಗೆ ಹೋಗುತ್ತೆ, ಪಿಜಿ ಓನರ್‌ಗೆ ಸುರಂಗ ಕಾಣುತ್ತೆ, ಒಳಗಿರೋದು ಕಾಣಲ್ಲ. ಆದ್ರೆ ಸುರಂಗಕ್ಕೆ ಇನ್ನೊಂದು ತುದಿ ಅಂತ ಇರುತ್ತಲ್ಲ, ಅಲ್ಲಿ ಕೂತಿರೋನಿಗೆ ಎಲ್ಲಾ ಕಾಣುತ್ತೆ, ಪಿಜಿ ಓನರ್‌ಗೆ ಎಷ್ಟು ಕಾಣ್ತಿತ್ತೋ ಅಷ್ಟೂ. ಆಡಿನಲ್ಲಿ ಬರೋ ಕಂಪನಿಗಳು ಈ ವಿಷಯನ ಸಣ್ಣ ಅಕ್ಷರದಲ್ಲೂ ಬರೆಯಲ್ಲ. ನಂಬಿಕೆ ಬೇಕಾಗೇ ಇಲ್ಲ ಅನ್ನೋ ಹಾಗೆ ಮಾರ್ತಾರೆ, ಮಾಡೋದು ನಂಬಿಕೆಯನ್ನ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸೋ ಕೆಲಸ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಒಂದು ಆದೇಶ ಹೊರಡಿಸಿತು: ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಎಲ್ಲವನ್ನೂ 5 ವರ್ಷ ಇಟ್ಟುಕೊಳ್ಳಬೇಕು, ಗ್ರಾಹಕ ಬಿಟ್ಟುಹೋದ ಮೇಲೂ. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್ ಇಲ್ಲಿನ ಸರ್ವರುಗಳನ್ನೇ ಎತ್ತಿಕೊಂಡು ಹೋದವು. ಕೆಲವು ಉಚಿತ ವಿಪಿಎನ್‌ಗಳ ಕಥೆ ಇನ್ನೂ ಬೇರೆ. ಪುಕ್ಕಟೆ ಸುರಂಗ ತೋಡಿಕೊಡೋನಿಗೆ ಹೊಟ್ಟೆಪಾಡು ಎಲ್ಲಿಂದ ನಡೆಯುತ್ತೆ ಅಂತ ಕೇಳಿಕೊಂಡರೆ ಸಾಕು.

"ಗೊತ್ತಿಲ್ಲದ ಕಂಪನಿಗಿಂತ ಗೊತ್ತಿರೋ ಮಾವ ಮೇಲಲ್ವಾ? ನಾನೇ ಮಾಡಿಕೊಡ್ತೀನಿ ಬಿಡು" ಅಂದೆ. ಈಗ ಯೋಚಿಸಿದರೆ ನಾನು ತಪ್ಪಿದ್ದು ಈ ವಾಕ್ಯದಲ್ಲಿ. ಅವತ್ತು ಹೆಮ್ಮೆಯಿಂದ ಹೇಳಿದ್ದೆ.

ಮನೇಲಿ ಒಂದು ರಾಸ್ಪ್‌ಬೆರಿ ಪೈ ಧೂಳು ಹಿಡಿದು ಬಿದ್ದಿತ್ತು. ಅದಕ್ಕೆ ವೈರ್‌ಗಾರ್ಡ್ ಹಾಕಿದೆ. ಜೇಸನ್ ಡೊನೆನ್‌ಫೆಲ್ಡ್ ಬರೆದ ಈ ಪ್ರೋಗ್ರಾಮ್ 2020ರಲ್ಲಿ ಲಿನಕ್ಸ್ ಕರ್ನಲ್ ಒಳಗೇ ಸೇರಿತು. ಸುಮಾರು 4000 ಸಾಲು ಕೋಡ್ ಅಷ್ಟೇ, ಒಬ್ಬ ಮನುಷ್ಯ ಕೂತು ಓದಿ ಮುಗಿಸಬಹುದಾದಷ್ಟು. ಇದರ ಒಂದು ಗುಣ ನನಗೆ ಬಹಳ ಇಷ್ಟ: ಸರಿಯಾದ ಕೀ ಇಲ್ಲದೆ ಯಾರು ಬಂದು ಬಾಗಿಲು ಬಡಿದರೂ ಉತ್ತರವನ್ನೇ ಕೊಡಲ್ಲ. ಮನೇಲಿ ಯಾರೂ ಇಲ್ವೇನೋ ಅನ್ನಿಸಬೇಕು. ನಮ್ಮ ಇಂಟರ್ನೆಟ್‌ನವರು ಹತ್ತಾರು ಮನೆಗೆ ಸೇರಿ ಒಂದೇ ಪಬ್ಲಿಕ್ ಐಪಿ ಕೊಟ್ಟಿದ್ದರಿಂದ ತಿಂಗಳಿಗಿಷ್ಟು ಅಂತ ಕೊಟ್ಟು ಸ್ಟ್ಯಾಟಿಕ್ ಐಪಿ ತಗೊಂಡೆ, ರೂಟರಿನಲ್ಲಿ 51820 ಪೋರ್ಟ್ ತೆರೆದೆ. ಹಾಗೇ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದೆ. ಅಲ್ಲೀವರೆಗೂ ಅದು ಡಬ್ಬದ ಮೇಲೆ ಅಂಟಿಸಿದ್ದೇ ಇತ್ತು ಅನ್ನೋದನ್ನ ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ. ಜಾಹೀರಾತು ತಡೆಯೋಕೆ ಪೈಹೋಲ್ ಕೂಡ ಹಾಕಿ, ಡಿಎನ್‌ಎಸ್ ಎಲ್ಲ ಅದರ ಮೂಲಕ ಹೋಗೋ ಹಾಗೆ ಮಾಡಿದೆ. ಅವಳ ಫೋನಿಗೆ ಒಂದು ಕ್ಯೂಆರ್ ಕೋಡ್ ಕಳಿಸಿದೆ. ಮುಗೀತು. ಹೆಂಡತಿ, ಊರಲ್ಲಿರೋ ಅಪ್ಪ, ಅಕ್ಕನ ಮಗಳು, ಎಲ್ಲರಿಗೂ ಒಂದೊಂದು ನಂಬರ್. ಅವಳದ್ದು 10.0.0.4.

ಮೂರು ವಾರದ ಮೇಲೆ ಯಾವುದೋ ಸೈಟು ತೆರೀತಿಲ್ಲ ಅಂತ ಹೆಂಡತಿ ಗೊಣಗಿದ್ದಕ್ಕೆ ಪೈಹೋಲ್‌ನ ಲಾಗ್ ತೆರೆದೆ. ಅದು ಕಾಲಕಾಲಕ್ಕೆ, ಯಾವ ನಂಬರಿನಿಂದ ಯಾವ ಹೆಸರು ಕೇಳಿದರು ಅಂತ ಸಾಲುಸಾಲಾಗಿ ಬರೆದಿಟ್ಟಿರುತ್ತೆ. ಬೇರೆ ಏನೋ ಹುಡುಕ್ತಿದ್ದ ಕಣ್ಣು 10.0.0.4ರ ಮೇಲೆ ನಿಂತಿತು. ರಾತ್ರಿ 2:40. ಮರುದಿನ 3:15. ಅದರ ಮರುದಿನ ಮತ್ತೆ. ನಿದ್ದೆ ಬರದಿರೋದರ ಬಗ್ಗೆ ಒಂದು ಸೈಟು, ಕೌನ್ಸೆಲಿಂಗ್ ಕೊಡೋ ಎರಡು ಸೈಟು, ಟೆಲಿ ಮಾನಸ್. ಟೆಲಿ ಮಾನಸ್ ಅಂದ್ರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯದ ಸಹಾಯವಾಣಿ. 14416ಕ್ಕೆ ಯಾವ ಹೊತ್ತಲ್ಲಿ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು.

ಎಷ್ಟು ಹೊತ್ತು ನೋಡ್ತಾ ಕೂತಿದ್ದೆ ಗೊತ್ತಿಲ್ಲ. ಸ್ಕ್ರೋಲ್ ಮಾಡಿ ಹಿಂದಿನ ವಾರವನ್ನೂ ನೋಡಿದೆ. ಮೊದಲ ಸಲ ಕಣ್ಣಿಗೆ ಬಿದ್ದಿದ್ದು ಆಕಸ್ಮಿಕ ಅನ್ನಬಹುದು, ಸ್ಕ್ರೋಲ್ ಮಾಡಿದ್ದು ಆಕಸ್ಮಿಕ ಅಲ್ಲ.

ನಾನು ಏಳನೇ ಕ್ಲಾಸಲ್ಲಿದ್ದಾಗ ಪಕ್ಕದ ಮನೆ ಅಜ್ಜಿಗೆ ಕಾಗದ ಓದಿಕೊಡ್ತಿದ್ದೆ. ಮಗ ಬಾಂಬೆ ಹೋಟ್ಲಲ್ಲಿದ್ದ. ನೀಲಿ ಇನ್‌ಲ್ಯಾಂಡ್ ಲೆಟರ್ ಬಂದರೆ ಅಜ್ಜಿ ನನ್ನನ್ನ ಹಿತ್ತಿಲ ಕಡೆ ಕರ್ಕೊಂಡು ಹೋಗಿ ಓದಿಸೋದು. ಒಂದು ಸಲ ಆತ ಅಲ್ಲೇ ಒಬ್ಬಳ ಜೊತೆ ಸಂಸಾರ ಮಾಡ್ಕೊಂಡಿದ್ದೀನಿ ಅಂತ ಬರೆದಿದ್ದ. ಓದ್ತಾ ಓದ್ತಾ ನನ್ನ ದನಿ ಸಣ್ಣಗಾಯ್ತು. ಅಜ್ಜಿ ಅಳಲಿಲ್ಲ, ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಓದಿದ್ದನ್ನ ಇಲ್ಲೇ ಬಿಟ್ಟು ಹೋಗು ಮಗ" ಅಂತು. ಬಿಟ್ಟು ಬಂದೆ. ಅಮ್ಮ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಈಗ ಮೂವತ್ತು ದಾಟಿದ ಮೇಲೆ, ಇಪ್ಪತ್ತೆರಡರ ಹುಡುಗಿಯ ಲಾಗ್ ನೋಡಿ, ಅದೇ ರಾತ್ರಿ ಹೆಂಡತಿಗೆ ಹೇಳಿದೆ.

ಎರಡಕ್ಕೂ ವ್ಯತ್ಯಾಸ ಏನು ಅಂತ ಆಮೇಲೆ ತುಂಬಾ ಯೋಚಿಸಿದೀನಿ. ನಮ್ಮೂರಲ್ಲಿ ಖಾಸಗಿತನ ಅನ್ನೋ ಮಾತೇ ಯಾರ ಬಾಯಲ್ಲೂ ಇರಲಿಲ್ಲ. ಗುಟ್ಟು ಅನ್ನೋ ಮಾತಿತ್ತು. ಗುಟ್ಟು ಇನ್ನೊಬ್ಬರಿಗೆ ಗೊತ್ತಾದರೂ ಗುಟ್ಟಾಗೇ ಉಳೀಬಹುದು, ಯಾರಿಗೆ ಗೊತ್ತಾಗಬೇಕು ಅಂತ ಆರಿಸಿದ್ದು ಗುಟ್ಟಿನ ಯಜಮಾನರಾದರೆ. ಅಜ್ಜಿ ಬೀದಿಯ ಹತ್ತು ಹುಡುಗರಲ್ಲಿ ನನ್ನನ್ನ ಆರಿಸಿತ್ತು, ನಾನು ಓದ್ತಾ ಇದ್ದೀನಿ ಅಂತ ಅದಕ್ಕೆ ಗೊತ್ತಿತ್ತು. ಅಕ್ಕನ ಮಗಳಿಗೆ ಲಾಗ್ ಅನ್ನೋದು ಇದೆ ಅಂತಾನೇ ಗೊತ್ತಿರಲಿಲ್ಲ. ಸುರಂಗದ ತುದಿಯಲ್ಲಿ ಕೂತವನಿಗೆ ಕಾಣುತ್ತೆ ಅಂತ ಕಂಪನಿಗಳ ಬಗ್ಗೆ ಅಷ್ಟು ವಿವರವಾಗಿ ಹೇಳಿದವನು, ಆ ತುದಿಯಲ್ಲಿ ಈಗ ನಾನೇ ಕೂತಿದ್ದೀನಿ ಅನ್ನೋದನ್ನ ಹೇಳೋಕೆ ಮರೆತಿದ್ದೆ. ಮರೆತಿದ್ದೆ ಅನ್ನೋದೂ ಪೂರ್ತಿ ನಿಜ ಅಲ್ಲ. ಹೇಳಬೇಕು ಅಂತ ಅನ್ನಿಸಿರಲೇ ಇಲ್ಲ, ಯಾಕಂದ್ರೆ ನಾನು ಮಾವ.

ಲಾಗ್ ಇಟ್ಟುಕೊಳ್ಳೋಕೆ ಒಂದು ನ್ಯಾಯವಾದ ಕಾರಣ ಇತ್ತು ಅಂತ ಸ್ವಲ್ಪ ದಿನ ಸಮಾಧಾನ ಮಾಡಿಕೊಂಡೆ. ಅವಳು ಏನು ಮಾಡಿದರೂ ಹೊರಗಿನ ಲೋಕಕ್ಕೆ ನನ್ನ ಮನೆ ಐಪಿಯಿಂದ ಮಾಡಿದ ಹಾಗೆ. ನಾಳೆ ಏನಾದರೂ ಆದರೆ ಪೊಲೀಸರು ಬರೋದು ನನ್ನ ಬಾಗಿಲಿಗೆ. ಈ ವಾದ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಸರ್ಟ್-ಇನ್ ಆದೇಶದ ವಾದವೂ ಇದೇ, ಪಿಜಿ ಓನರ್‌ನ ಕೇಳಿದರೆ ಅವನೂ ಇದನ್ನೇ ಹೇಳ್ತಾನೆ. ಮೂರು ಜನರಲ್ಲಿ ಯಾರ ಬಾಯಲ್ಲಿ ಬಂದರೂ ವಾದ ಒಂದೇ, ನನ್ನ ಬಾಯಲ್ಲಿ ಬಂದಾಗ ಮಾತ್ರ ನನಗೆ ಸರಿ ಅನ್ನಿಸ್ತಿತ್ತು.

ಆದ್ರೆ ನೋಡಿದ ಮೇಲೆ ಸುಮ್ಮನಿರೋದು ಹೇಗೆ? ಸಂಸಾರ ಗುಟ್ಟು, ವ್ಯಾಧಿ ರಟ್ಟು ಅಂತ ನಮ್ಮ ಕಡೆ ಗಾದೆ. ಮನೆ ವಿಷಯ ಮುಚ್ಚಿಡು, ಕಾಯಿಲೆ ಮಾತ್ರ ನಾಲ್ಕು ಜನಕ್ಕೆ ಹೇಳು, ಯಾರಿಗಾದರೂ ಔಷಧಿ ಗೊತ್ತಿರುತ್ತೆ. ಮೂರು ಗಂಟೆಗೆ ನಿದ್ದೆ ಬರದೆ ಕೂತಿರೋದು ವ್ಯಾಧಿನಾ, ಸಂಸಾರನಾ? ಜ್ವರ ಆಗಿದ್ದರೆ ಅವಳೇ ಫೋನ್ ಮಾಡಿ ಹೇಳ್ತಿದ್ದಳು. ಮನಸ್ಸಿನ ವಿಷಯ ಊರಿಗೆ ತಿಳಿದರೆ ಅದು ವ್ಯಾಧಿಯಾಗಿ ಉಳಿಯಲ್ಲ, ಗಂಡು ನೋಡೋಕೆ ಬರೋರ ಬಾಯಲ್ಲಿ ಸೇರಿಕೊಳ್ಳುತ್ತೆ. ಗಾದೆ ಮಾಡಿದವರು ಈ ಎರಡರ ಮಧ್ಯದ ಜಾಗಕ್ಕೆ ಏನೂ ಹೇಳಿಲ್ಲ.

ನಾಲ್ಕನೇ ದಿನ ಫೋನ್ ಮಾಡಿದೆ. ಊಟ ಆಯ್ತಾ, ಕೆಲಸ ಹೆಂಗಿದೆ, ಎಲ್ಲ ಆದ ಮೇಲೆ "ನಿದ್ದೆ ಸರಿಯಾಗಿ ಮಾಡ್ತಿದ್ದೀಯಾ?" ಅಂದೆ.

ಅವಳು ಐದು ಸೆಕೆಂಡ್ ಸುಮ್ಮನಿದ್ದಳು. "ಅಮ್ಮಂಗೆ ಹೇಳಿದ್ರಾ?"

"ಏನನ್ನ?"

"ಮಾವ, ನೀವು ನೋಡಿದ್ರಾ ಇಲ್ವಾ?"

ಇಲ್ಲ ಅನ್ನಬಹುದಿತ್ತು. ನೋಡಿದೆ, ಅಕ್ಕಂಗೆ ಹೇಳಿಲ್ಲ, ಅತ್ತೆಗೆ ಹೇಳಿದೆ ಅಂದೆ. 14416 ನಂಬರ್ ಹೇಳೋಕೆ ಬಾಯಿ ತೆರೆದರೆ, "ಅದು ಗೊತ್ತು, ಅದನ್ನೇ ಅಲ್ವಾ ನೀವು ನೋಡಿದ್ದು" ಅಂದಳು. ಆಮೇಲೆ ಅವಳು ಹೇಳಿದ ಮಾತನ್ನ ನಾನು ಯಾವ ಸೆಕ್ಯುರಿಟಿ ಟ್ರೈನಿಂಗ್‌ನಲ್ಲೂ ಕೇಳಿಲ್ಲ. "ಪಿಜಿ ಅಂಕಲ್ ನೋಡಿದ್ರೆ ನೋಡ್ಲಿ ಬಿಡಿ ಮಾವ. ಅವರೇನು ನಮ್ಮೂರಿಗೆ ಫೋನ್ ಮಾಡಲ್ಲವಲ್ಲ."

ನಮ್ಮ ಕೆಲಸದಲ್ಲಿ ಥ್ರೆಟ್ ಮಾಡೆಲ್ ಅಂತ ಮಾಡ್ತೀವಿ. ಬೀಗ ಕೊಳ್ಳೋಕೆ ಮುಂಚೆ ಕಳ್ಳ ಯಾರು ಅಂತ ಬರೆದುಕೊಳ್ಳೋದು. ನಾನು ಬರೆದುಕೊಂಡಿದ್ದ ಕಳ್ಳ 2010ರವನು. ಆ ವರ್ಷ ಎರಿಕ್ ಬಟ್ಲರ್ ಅನ್ನೋನು ಫೈರ್‌ಶೀಪ್ ಅಂತ ಫೈರ್‌ಫಾಕ್ಸ್‌ಗೆ ಒಂದು ಎಕ್ಸ್‌ಟೆನ್ಷನ್ ಬಿಟ್ಟಿದ್ದ. ಬೀಗ ಇಲ್ಲದ ವೈಫೈನಲ್ಲಿ ಕೂತು ಒಂದು ಬಟನ್ ಒತ್ತಿದರೆ ಸುತ್ತ ಇದ್ದವರ ಫೇಸ್‌ಬುಕ್, ಟ್ವಿಟರ್ ಅಕೌಂಟುಗಳು ಪಟ್ಟಿಯಾಗಿ ಬಂದು ನಿಲ್ತಿದ್ದವು. ಕಂಪನಿಗಳಿಗೆ ನಾಚಿಕೆ ಬರಲಿ ಅಂತ ಆತ ಮಾಡಿದ್ದು. ಫೇಸ್‌ಬುಕ್ ಎಲ್ಲರಿಗೂ ಎಚ್‌ಟಿಟಿಪಿಎಸ್ ಕೊಟ್ಟು ಮುಗಿಸಿದ್ದು 2013ರಲ್ಲಿ. ನಾನಾಗ ಬಿಇ ಮಾಡ್ತಿದ್ದೆ, ಹಾಸ್ಟೆಲಿನಲ್ಲಿ ನಾವೂ ಅದನ್ನ ಹಾಕಿಕೊಂಡ್ವಿ. ಮೊದಲು ನೋಡಿದ್ದು ಅಪರಿಚಿತರನ್ನಲ್ಲ, ರೂಮ್‌ಮೇಟ್‌ಗಳನ್ನ. ಅಪರಿಚಿತರ ಮೆಸೇಜು ಓದಿ ನಮಗೆ ಆಗಬೇಕಾದ್ದೇನಿತ್ತು?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದವರು. ಆಫೀಸಿನ ಊಟದ ಹೊತ್ತಲ್ಲಿ ಈ ತೀರ್ಪಿನ ಬಗ್ಗೆ ನಾನು ಜೋರಾಗಿ ಮಾತಾಡಿದ್ದೀನಿ. ಮುಖ್ಯವಾಗಿ ಅದು ಸರ್ಕಾರದ ಎದುರು ಪ್ರಜೆಗೆ ಸಿಕ್ಕ ಹಕ್ಕು. ಪ್ರೀತಿಯಿಂದ ನೋಡೋ ಮಾವನ ಎದುರು ಅವಳು ಯಾವ ಕೋರ್ಟಿಗೆ ಹೋಗಬೇಕು? ಸರ್ಕಾರದ ಕಣ್ಣಿಗೆ ಹೆದರೋರು ನಮ್ಮಲ್ಲಿ ಎಷ್ಟಿದ್ದಾರೋ, ಆ ಕಣ್ಣು ನಮ್ಮ ಮದುವೆ ತಪ್ಪಿಸಲ್ಲ. ಅಕ್ಕರೆಯ ಕಣ್ಣು ತಪ್ಪಿಸುತ್ತೆ, ನಿನ್ನ ಒಳ್ಳೇದಕ್ಕೇ ಅಂತ ಹೇಳಿ.

ಹಾಗಂತ ನೋಡಬಾರದಿತ್ತು ಅಂತ ಪೂರ್ತಿ ಒಪ್ಪಿಕೊಳ್ಳೋಕೂ ನನ್ನಿಂದ ಆಗ್ತಿಲ್ಲ. ಆ ಲಾಗಿನಲ್ಲಿ ಬೇರೆ ಏನಾದರೂ ಇದ್ದಿದ್ದರೆ, ಒಂದು ರಾತ್ರಿ ತಡವಾಗಿದ್ದರೆ, ಈ ಅಂಕಣವನ್ನ ನಾನು ಬೇರೆ ಥರ ಬರೀತಿದ್ದೆ. ಅದನ್ನೂ ಅವಳಿಗೆ ಹೇಳಿದೆ. "ಗೊತ್ತು ಮಾವ, ಅದಕ್ಕೇ ಪೂರ್ತಿ ಸಿಟ್ಟು ಬಂದಿಲ್ಲ" ಅಂದಳು. ಅವಳಿಗೆ ಏನಾಗಿತ್ತು, ಈಗ ಹೇಗಿದ್ದಾಳೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಇದನ್ನ ಹಾಕೋಕೆ ಮುಂಚೆ ಅವಳಿಗೆ ಓದೋಕೆ ಕಳಿಸಿದ್ದೆ, ಎರಡು ಕಡೆ ಬದಲಾಯಿಸು ಅಂದಳು, ಬದಲಾಯಿಸಿದ್ದೀನಿ.

ಪೈಹೋಲ್‌ನಲ್ಲಿ ಪ್ರೈವಸಿ ಲೆವೆಲ್ ಅಂತ ಒಂದು ಸೆಟ್ಟಿಂಗ್ ಇದೆ. 0 ಇಂದ 3ರ ತನಕ. ತಾನಾಗೇ ಇರೋದು 0, ಅಂದ್ರೆ ಎಲ್ಲಾ ಕಾಣೋದು. ಅದನ್ನ 3ಕ್ಕೆ ಹಾಕಿ, ಹಳೇ ಲಾಗ್ ಅಳಿಸಿ, ಅವಳಿಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಸ್ಕ್ರೀನ್‌ಶಾಟ್ ತೆಗೆದು ಮತ್ತೆ 0 ಮಾಡಿದ್ರೆ?" ಅಂತ ಉತ್ತರ ಬಂತು, ನಗೋ ಇಮೋಜಿ ಜೊತೆ. ಅದಕ್ಕೆ ನನ್ನ ಹತ್ರ ತಾಂತ್ರಿಕ ಉತ್ತರ ಇಲ್ಲ. ಲಾಗ್ ಇಟ್ಟಿಲ್ಲ ಅನ್ನೋದನ್ನ ಇನ್ನೊಬ್ಬರಿಗೆ ದೂರದಿಂದ ತೋರಿಸಿಕೊಡೋದು ಹೆಚ್ಚುಕಮ್ಮಿ ಆಗದ ಕೆಲಸ. ದೊಡ್ಡ ಕಂಪನಿಗಳು ಆಡಿಟ್ ಮಾಡಿಸಿ ಸರ್ಟಿಫಿಕೇಟ್ ತೋರಿಸ್ತವೆ, ಆಮೇಲೆ ಆಡಿಟ್ ಮಾಡಿದವರನ್ನ ನಂಬಬೇಕು.

ಒಂದು ತಿಂಗಳು ಅವಳು ಆ ವಿಪಿಎನ್ ಆನ್ ಮಾಡಲಿಲ್ಲ. ವೈರ್‌ಗಾರ್ಡ್‌ನಲ್ಲಿ ಪ್ರತಿ ಫೋನಿನ ಕೊನೇ ಹ್ಯಾಂಡ್‌ಶೇಕ್ ಯಾವಾಗ ಆಯ್ತು ಅಂತ ತೋರಿಸುತ್ತೆ, ಅದರಿಂದ ಗೊತ್ತಾಯ್ತು. ಹೌದು, ಅದನ್ನ ನೋಡ್ತಿದ್ದೆ.

ಹೋದ ವಾರ ಊರಿಗೆ ಹೊರಟವಳು ಸ್ಟೇಷನ್ನಿನಿಂದ ಮೆಸೇಜ್ ಮಾಡಿದಳು. ರೈಲು ಲೇಟಂತೆ, ಅಲ್ಲಿನ ಫ್ರೀ ವೈಫೈಗೆ ಒಟಿಪಿ ಹಾಕಿ ಕೂತಿದ್ದಾಳಂತೆ. ಆಂಡ್ರಾಯ್ಡ್‌ನ ವೈರ್‌ಗಾರ್ಡ್ ಆ್ಯಪಿನಲ್ಲಿ ಯಾವ ಯಾವ ಆ್ಯಪ್ ಸುರಂಗದಲ್ಲಿ ಹೋಗಬೇಕು ಅಂತ ಆರಿಸೋಕಾಗುತ್ತೆ, ಅದನ್ನ ಅವಳೇ ಹುಡುಕಿಕೊಂಡಿದ್ದಾಳೆ. "ಬ್ಯಾಂಕ್ ಆ್ಯಪು, ಟಿಕೆಟ್ ಆ್ಯಪು ಎರಡು ಮಾತ್ರ ನಿಮ್ ಕಡೆ ಕಳಿಸ್ತಿದ್ದೀನಿ ಮಾವ. ಮಿಕ್ಕಿದ್ದು ಬೇಡ."

ಬ್ಯಾಂಕ್ ಆ್ಯಪ್ ತನ್ನ ಪಾಡಿಗೆ ತಾನೇ ಗಟ್ಟಿಯಾಗಿ ಬೀಗ ಹಾಕಿಕೊಂಡಿರುತ್ತೆ. ಸುರಂಗ ಎಲ್ಲಕ್ಕಿಂತ ಕಡಿಮೆ ಬೇಕಾಗಿರೋದು ಅದಕ್ಕೇ. ಅದನ್ನ ಅವಳಿಗೆ ಹೇಳಲಿಲ್ಲ. ಸರಿ ಕಣಮ್ಮ, ಹುಷಾರಾಗಿ ಹೋಗು ಅಂತ ಬರೆದೆ.