ಧ್ರುವದ ಹಸಿರು, ಹಾನಗಲ್ಲಿನ ಬಿಸಿಲು

“ಭೂಮಿ ಮೊದಲ ಕಾದಿಲ್ಲೇನ್ರೀ? ಧ್ರುವದಾಗೂ ಗಿಡಾ ಬೆಳೀತಿದ್ದವಂತ. ಆಗೇನು ಜಗತ್ತು ಮುಳುಗಿ ಹೋತೇನು?”

ಹವಾಮಾನದ ಮಾತು ಬಂದಾಗಲೆಲ್ಲ ಹಾವೇರಿ ಜಿಲ್ಲೆಯಲ್ಲಿ ಈ ಪ್ರಶ್ನೆ ನನಗೆ ಎದುರಾಗುತ್ತದೆ. ಕೇಳುವವರು ಒಕ್ಕಲುತನ ಬಲ್ಲವರು, ಪತ್ರಿಕೆ ಓದುವವರು. ಅವರು ಹೇಳುವ ಸಂಗತಿ ನಿಜವೇ. ಆದರೆ ನಿಜವಾದ ಸಂಗತಿಯಿಂದಲೂ ಸುಳ್ಳು ಸಮಾಧಾನ ಹುಟ್ಟಬಹುದು. ಹಾಗಾಗಿದೆಯೇ ಎಂದು ತಿಳಿಯಬೇಕಾದರೆ ಆ ಹಳೆಯ ಕಾಲದ ಕಥೆಯನ್ನು ಪೂರ್ತಿ ಕೇಳಬೇಕು. ಅದರ ಇಬ್ಬರು ಸಾಕ್ಷಿದಾರರು ನಮ್ಮ ನಡುವೆಯೇ ಇದ್ದಾರೆ. ಒಬ್ಬರು ಹಾನಗಲ್ಲಿನ ಹಿತ್ತಿಲುಗಳಲ್ಲಿ, ಇನ್ನೊಬ್ಬರು ಸವಣೂರಿನ ಮಠದ ಆವರಣದಲ್ಲಿ.

ಹಾನಗಲ್ಲು ಭತ್ತದ ಸೀಮೆ. ಆಕಳು, ಎಮ್ಮೆ ಕಟ್ಟಿದವರು ಪ್ಲಾಸ್ಟಿಕ್ ಹಾಳೆ ಹಾಸಿದ ತಗ್ಗಿನಲ್ಲಿ ನೀರು ನಿಲ್ಲಿಸಿ, ಸಗಣಿ ರಾಡಿ ಕಲಸಿ ಅಜೋಲಾ ಬೆಳೆಸುತ್ತಾರೆ. ಹಿಂಡಿಯ ಜೊತೆ ಬೆರೆಸಿ ದನಕ್ಕೆ ಹಾಕುತ್ತಾರೆ. ನೀರಿನ ಮೇಲೆ ತೇಲುವ ಈ ಪುಟ್ಟ ಸಸ್ಯ ಜರೀಗಿಡಗಳ ಕುಲದ್ದು. ಅದರ ಎಲೆಯೊಳಗೆ ಮನೆ ಮಾಡಿಕೊಂಡ ನೀಲಿಹಸಿರು ಪಾಚಿಯೊಂದು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಆದ್ದರಿಂದ ಗದ್ದೆಗೆ ಬಿಟ್ಟರೆ ಅದೇ ಗೊಬ್ಬರ. ಹವೆ ಹಿತವಾಗಿದ್ದರೆ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ.

2004ರಲ್ಲಿ ವಿಜ್ಞಾನಿಗಳ ತಂಡವೊಂದು ಮೂರು ಹಿಮಭಂಜಕ ಹಡಗುಗಳೊಂದಿಗೆ ಉತ್ತರ ಧ್ರುವದಿಂದ ಸುಮಾರು 250 ಕಿಲೋಮೀಟರ್ ದೂರದವರೆಗೆ ಹೋಗಿ, ಕಡಲ ತಳವನ್ನು 400 ಮೀಟರಿಗೂ ಹೆಚ್ಚು ಆಳ ಕೊರೆಯಿತು. ಸುಮಾರು 4.9 ಕೋಟಿ ವರ್ಷ ಹಳೆಯ ಪದರ ಮೇಲೆ ಬಂದಾಗ ಅದರ ತುಂಬ ಅಜೋಲಾದ ಬೀಜಕಣಗಳಿದ್ದವು. ಆ ಪದರದ ದಪ್ಪ ಕನಿಷ್ಠ 8 ಮೀಟರ್. ಆಗ ಆರ್ಕ್‌ಟಿಕ್ ಕಡಲು ಬಹುಪಾಲು ಭೂಮಿಯಿಂದ ಸುತ್ತುವರಿದಿತ್ತು. ಮಳೆಯ ನೀರು, ಹೊಳೆಗಳ ನೀರು ಉಪ್ಪುನೀರಿನ ಮೇಲೆ ಸಿಹಿನೀರಿನ ಪದರವಾಗಿ ನಿಂತು, ಅದರ ಮೇಲೆ ಅಜೋಲಾ ಹರಡಿಕೊಂಡಿತ್ತು. ಸತ್ತ ಅಜೋಲಾ ತಳಕ್ಕಿಳಿಯಿತು. ಅಲ್ಲಿ ಆಮ್ಲಜನಕ ಇಲ್ಲದ್ದರಿಂದ ಕೊಳೆಯದೆ, ತಾನು ಗಾಳಿಯಿಂದ ಹೀರಿದ್ದ ಇಂಗಾಲದ ಸಮೇತ ಹೂತುಹೋಯಿತು. ಹೀಗೆ ಸುಮಾರು 8 ಲಕ್ಷ ವರ್ಷ ನಡೆಯಿತು. ಮುಂದೆ ಭೂಮಿ ತಣ್ಣಗಾಗಲು ಇದೂ ನೆರವಾಗಿರಬೇಕು ಎಂದು ಹಲವು ವಿಜ್ಞಾನಿಗಳು ಹೇಳುತ್ತಾರೆ.

ಇನ್ನು ಸವಣೂರು. ಅಲ್ಲಿನ ದೊಡ್ಡಹುಣಸೆ ಮಠದ ಮರಗಳನ್ನು ನೋಡದವರು ಈ ಕಡೆ ಕಡಿಮೆ. ಹಲವರು ಕೈಗೆ ಕೈ ಜೋಡಿಸಿದರೂ ತಬ್ಬಲಾಗದ ಬೊಡ್ಡೆ, ಹುಣಸೆಯಂತೆ ಹುಳಿಯಾದ ಕಾಯಿ. ಇದು ಆಫ್ರಿಕಾದ ಬಾವೋಬಾಬ್; ಯಾವುದೋ ಕಾಲದಲ್ಲಿ ಕಡಲು ದಾಟಿ ಬಂದು ಇಲ್ಲಿ ಬೇರೂರಿತು. ಇದ್ದ ಮೂರರಲ್ಲಿ ಒಂದು ಮರ 2023ರ ಮಳೆಗಾಲದಲ್ಲಿ ಉರುಳಿದಾಗ ಊರೇ ಮರುಗಿತು. ನಮ್ಮ ಕಾಡು ಬದುಗಳ ಬೂರುಗ ಇದರ ಹತ್ತಿರದ ಬಂಧು.

ಈ ಬಳಗದ ಹಳೆಯ ಸಂಬಂಧಿಕರು ಒಂದು ಕಾಲಕ್ಕೆ ಅಂಟಾರ್ಕ್‌ಟಿಕಾದಲ್ಲಿದ್ದರು. 2010ರಲ್ಲಿ ಅಲ್ಲಿನ ವಿಲ್ಕ್ಸ್ ಲ್ಯಾಂಡ್ ತೀರದಾಚೆ, ಸುಮಾರು 4 ಕಿಲೋಮೀಟರ್ ಆಳದ ನೀರಿನಡಿ, ಕಡಲ ತಳವನ್ನು ಒಂದು ಕಿಲೋಮೀಟರ್ ಕೊರೆದಾಗ 5 ಕೋಟಿ ವರ್ಷಕ್ಕೂ ಹಳೆಯ ಪರಾಗ ಸಿಕ್ಕಿತು. ಅದರಲ್ಲಿ ತಾಳೆಯ ಜಾತಿಯ ಮರಗಳದ್ದೂ ಇತ್ತು, ಬೂರುಗ–ಬಾವೋಬಾಬ್ ಬಳಗದ್ದೂ ಇತ್ತು. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ ಆ ತೀರದಲ್ಲಿ ತಿಂಗಳುಗಟ್ಟಲೆ ಸೂರ್ಯ ಕಾಣದ ಚಳಿಗಾಲದಲ್ಲೂ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತಿರಲಿಲ್ಲ.

ಬೆಳಕೇ ಇಲ್ಲದ ತಿಂಗಳುಗಳನ್ನು ಮರಗಳು ಹೇಗೆ ಕಳೆದವು? ಆರ್ಕ್‌ಟಿಕ್ ಸೀಮೆಯ ಆಕ್ಸೆಲ್ ಹೈಬರ್ಗ್ ದ್ವೀಪದಲ್ಲಿ ಉತ್ತರ ಸಿಕ್ಕಿದೆ. ಅಲ್ಲಿ 1985ರಲ್ಲಿ ಕಂಡ ಸುಮಾರು 4.5 ಕೋಟಿ ವರ್ಷದ ಮರದ ಬೊಡ್ಡೆಗಳು ಕಲ್ಲಾಗಿರಲಿಲ್ಲ, ಕಟ್ಟಿಗೆಯಾಗಿಯೇ ಉಳಿದಿದ್ದವು. ಅಲ್ಲಿ ಹೆಚ್ಚಾಗಿದ್ದ ಮೆಟಾಸಿಕೋಯ ಕತ್ತಲೆ ಬರುವ ಮೊದಲೇ ಎಲೆ ಉದುರಿಸಿ, ಬೆಳಕು ಮರಳಿದಾಗ ಚಿಗುರುತ್ತಿತ್ತು. ಕತ್ತಲೆಯಲ್ಲೂ ಭೂಮಿಯನ್ನು ಬೆಚ್ಚಗಿಟ್ಟದ್ದು ಗಾಳಿ. ಆಗ ಅದರ ಹತ್ತು ಲಕ್ಷ ಕಣಗಳಲ್ಲಿ 1000ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡ್‌ನವು. ಹೊದ್ದ ಕೌದಿಯಂತೆ ಅದು ಕಾವನ್ನು ಹೊರಬಿಡದೆ ಹಿಡಿದಿತ್ತು.

ಒಂದು ನೆಲದ ಹವೆ ಬದಲಾಗಲು ಇನ್ನೊಂದು ದಾರಿಯೂ ಇದೆ: ನೆಲವೇ ಸರಿಯುವುದು. ಶಿಗ್ಗಾವಿ, ಹಿರೇಕೆರೂರು ಕಡೆಯ ಬುನಾದಿ ಕಲ್ಲಿಗೆ 250 ಕೋಟಿ ವರ್ಷದ ಆಸುಪಾಸಿನ ವಯಸ್ಸು. ಸುಮಾರು 30 ಕೋಟಿ ವರ್ಷದ ಹಿಂದೆ ಈ ಕಲ್ಲು ದಕ್ಷಿಣದ ಶೀತಪ್ರದೇಶದಲ್ಲಿತ್ತು, ಅಂಟಾರ್ಕ್‌ಟಿಕಾ ಇದ್ದ ಅದೇ ಮಹಾಖಂಡದ ಭಾಗವಾಗಿತ್ತು. ಆ ಕಾಲದ ಹಿಮನದಿಗಳು ಹೊತ್ತು ಹಾಕಿದ ಗುಂಡುಗಲ್ಲುಗಳನ್ನು ಒಡಿಶಾದ ತಾಲ್ಚೇರಿನಲ್ಲಿ 1856ರಲ್ಲೇ ಗುರುತಿಸಿದ್ದರು. ಮುಂದೆ ಭಾರತ ಬೇರ್ಪಟ್ಟು ಉತ್ತರಕ್ಕೆ ಸರಿಯುತ್ತ ಬಂತು. ಈಗಲೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಒಂದು ಜೀವಮಾನದಲ್ಲಿ ಅದರಿಂದ ನಮ್ಮ ಮಳೆ ಬಿಸಿಲು ಬದಲಾಗುವುದಿಲ್ಲ. ನಾವಿರುವ ಕಾಲದಲ್ಲಿ ಬದಲಾಗುತ್ತಿರುವುದು ಗಾಳಿಯೇ.

ಕಥೆ ಇಲ್ಲಿಗೆ ಬಂದಾಗ ನನಗೆ ಒಂದು ವಿಷಯ ಹೊಳೆಯುತ್ತದೆ. ಹಸಿರು ಧ್ರುವದ ಕಥೆಯನ್ನು ನಾವು ಸದಾ ಧ್ರುವದಲ್ಲಿ ನಿಂತೇ ಕೇಳುತ್ತೇವೆ. ಹಿಮದ ನಾಡಿನಲ್ಲಿ ತಾಳೆ ಬೆಳೆಯಿತೆಂದರೆ ಕಿವಿಗೆ ಹಿತ. ಬಿಸಿಲ ನಾಡಿನಲ್ಲಿ ಆಗ ಏನಿತ್ತು ಎಂದು ಕೇಳುವುದೇ ಇಲ್ಲ. 5.6 ಕೋಟಿ ವರ್ಷದ ಹಿಂದಿನ ತೀವ್ರ ಬಿಸಿಯ ಅವಧಿಯಲ್ಲಿ ಆರ್ಕ್‌ಟಿಕ್ ಕಡಲ ಮೇಲ್ಭಾಗದ ನೀರು ಸುಮಾರು 23 ಡಿಗ್ರಿ ಮುಟ್ಟಿತ್ತು. ಅದೇ ಹೊತ್ತಿಗೆ ಪಶ್ಚಿಮ ಆಫ್ರಿಕಾದ ನೈಜೀರಿಯಾ ಕಡೆ ಕಡಲ ನೀರೇ 35 ಡಿಗ್ರಿ ದಾಟಿತ್ತು. ಒಂದೇ ಗಾಳಿ ಎರಡೂ ಕಡೆ ಕೆಲಸ ಮಾಡಿತ್ತು. ನಾವು ಇರುವುದು ಧ್ರುವದಲ್ಲಲ್ಲ. ಆದ್ದರಿಂದ ಈ ಕಥೆಯಲ್ಲಿ ನಮಗೆ ಸಂಬಂಧಿಸಿದ ಅರ್ಧ ಬಿಸಿಲ ನಾಡಿನದು.

ಆ ಬಿಸಿಯಲ್ಲೂ ಜೀವ ಅಳಿಯಲಿಲ್ಲ, ಸರಿ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಗುವ 5 ಕೋಟಿ ವರ್ಷದ, ಕಲ್ಲಾದ ಮರದ ಅಂಟು ಅಲ್ಲಿ ದಟ್ಟ ಮಳೆಕಾಡು ಇದ್ದುದನ್ನು ಹೇಳುತ್ತದೆ. ಆದರೆ ಅಲ್ಲಿ ಇದ್ದದ್ದು ಕಾಡು, ಹೊಲವಲ್ಲ. ಭತ್ತ, ಜೋಳ, ಹತ್ತಿ ನಮ್ಮ ಬೆಳೆಗಳಾದದ್ದು ಕಳೆದ ಹತ್ತು ಸಾವಿರ ವರ್ಷಗಳ ಆಸುಪಾಸಿನ ಸ್ಥಿರ ಹವೆಯ ನೆಮ್ಮದಿಯಲ್ಲಿ. ರೋಹಿಣಿ ಮಳೆಗೆ ಕೂರಿಗೆ ಹೂಡಿ ಭತ್ತ ಬಿತ್ತಬೇಕು ಎಂಬ ತಿಳಿವಳಿಕೆ, ಹಿರೇಕೆರೂರು ಸೀಮೆಯ ಮದಗ–ಮಾಸೂರಿನಂಥ ಕೆರೆ ಕಟ್ಟಿದ ಲೆಕ್ಕಾಚಾರ, ಎಲ್ಲವೂ ಅದೇ ಹವೆಯನ್ನು ನಂಬಿ ಹುಟ್ಟಿದವು.

ಮುಖ್ಯ ಮಾತು ಕಾಲದ್ದು. ಅಜೋಲಾ ಇಂಗಾಲವನ್ನು ಹೂಳಲು 8 ಲಕ್ಷ ವರ್ಷ ತೆಗೆದುಕೊಂಡಿತು. ಕಾಡುಗಳು ಬೀಜ ಉದುರಿಸುತ್ತ, ತಲೆಮಾರಿಗಿಷ್ಟು ಸರಿಯುತ್ತ ಧ್ರುವ ಮುಟ್ಟಿದವು. ನಾವು ಹೂತ ಇಂಗಾಲವನ್ನು ಅಗೆದು ಸುಟ್ಟು, ಇನ್ನೂರೈವತ್ತು ವರ್ಷಗಳೊಳಗೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡ್‌ನ ಅಂಶವನ್ನು 280ರಿಂದ 420ರ ಮೇಲಕ್ಕೆ ಏರಿಸಿದ್ದೇವೆ. ಈ ವೇಗಕ್ಕೆ ಬೂರುಗ ಓಡಲಾರದು. ರೈತನಂತೂ ಪಹಣಿಯಲ್ಲಿ ಬರೆದ ನೆಲವನ್ನು ಹೊತ್ತು ಉತ್ತರಕ್ಕೆ ಹೋಗಲಾರ. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಆ ಒಂದು ವರ್ಷದ ಬರವನ್ನೆಲ್ಲ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಒಂದು ಹಂಗಾಮು ತಪ್ಪಿದರೆ ನಮ್ಮ ಬದುಕು ಎಷ್ಟು ಅಲುಗಾಡುತ್ತದೆ ಎಂಬುದನ್ನು ಅದು ತೋರಿಸಿತು.

ಬೇಸಿಗೆಯಲ್ಲಿ ಹಾನಗಲ್ಲಿನ ಹಿತ್ತಿಲಲ್ಲಿ ಅಜೋಲಾದ ತಗ್ಗಿಗೆ ನೆರಳು ಪರದೆ ಕಟ್ಟುತ್ತಾರೆ. 35 ಡಿಗ್ರಿ ದಾಟಿದರೆ ಅದು ಸೊರಗುತ್ತದೆ. ಬಿಸಿ ಭೂಮಿಯಲ್ಲಿ ಧ್ರುವವನ್ನೇ ಆಳಿದ ಸಸ್ಯಕ್ಕೂ ನಮ್ಮ ಬಿಸಿಲು ಹೆಚ್ಚೇ. ಅದು ಗೆದ್ದದ್ದು ಬಿಸಿಯಿಂದಲ್ಲ, ತನಗೆ ಒಗ್ಗುವ ಜಾಗವೂ ಕಾಲವೂ ಸಿಕ್ಕಿದ್ದರಿಂದ.

ಹಳೆಯ ಬಿಸಿ ಭೂಮಿಯ ಕಥೆಯನ್ನು ಶಾಲೆಯಲ್ಲಿ ಹೇಳೋಣ, ಬೆರಗಿನಿಂದಲೇ ಹೇಳೋಣ. ಆದರೆ ಅದನ್ನು ಕೈಕಟ್ಟಿ ಕೂರಲು ನೆಪವಾಗಿಸುವುದು ಬೇಡ. ಕೆರೆಯ ಹೂಳು ತೆಗೆಯುವುದು, ಗೋವಿನಜೋಳವೊಂದಕ್ಕೇ ಜೋತು ಬೀಳದೆ ಹಲವು ಬೆಳೆ ಇಡುವುದು, ಬದುವಿನ ಬೂರುಗವನ್ನೂ ಸವಣೂರಿನ ದೊಡ್ಡಹುಣಸೆಯನ್ನೂ ಕಾಯುವುದು ನಮ್ಮ ಕೈಯಲ್ಲಿದೆ. ಕಲ್ಲಿದ್ದಲು, ಎಣ್ಣೆ ಸುಡುವುದನ್ನು ಇಳಿಸುವುದು ಹೆಚ್ಚು ಸುಟ್ಟವರ ಹೊಣೆ. ಬಹಳ ಕಡಿಮೆ ಸುಟ್ಟು ಬಹಳ ಹೆಚ್ಚು ತೆರುತ್ತಿರುವ ಹಾನಗಲ್ಲಿನ ರೈತನಿಗೆ ಅದನ್ನು ಗಟ್ಟಿಯಾಗಿ ಕೇಳುವ ಹಕ್ಕಿದೆ.