ಕೈ ಯಾರದು, ಗೆಲವು ಯಾರದು?

ಕಳೆದ ಶಿವರಾತ್ರಿಯ ಮರುದಿನ ಹನೂರು ತಾಲ್ಲೂಕಿನ ಶಾಗ್ಯದ ಭಕ್ತರೊಬ್ಬರು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗನೊಡನೆ ನಮ್ಮಲ್ಲಿಗೆ ಬಂದಿದ್ದರು. ಹಾಸ್ಟೆಲಿನ ಹುಡುಗರು ಏರ್ಪಡಿಸಿದ್ದ ಕಂಪ್ಯೂಟರ್ ಕಾಳಗದ ಪಂದ್ಯದಲ್ಲಿ ಅವನು ಗೆದ್ದಿದ್ದನು. ತಂದೆ ಹೊರಗೆ ಹೋದ ಮೇಲೆ, "ಬುದ್ಧಿ, ಗೆದ್ದದ್ದು ನಾನಲ್ಲ" ಎಂದನು.

ಇಂಥ ಆಟಗಳಲ್ಲಿ ತಡೆಯಲು ಎಡೆಗೊಡದೆ ಒಂದರ ಬೆನ್ನಿಗೊಂದು ಬೀಳುವ ಏಟುಗಳ ಸರಣಿಗೆ 'ಕಾಂಬೊ' ಎಂದು ಹೆಸರು. 1991ರ 'ಸ್ಟ್ರೀಟ್ ಫೈಟರ್ 2' ಆಟದಲ್ಲಿ ಇದು ನಿರ್ಮಾಪಕರು ಉದ್ದೇಶಿಸದೆಯೇ ಒದಗಿಬಂದುದು. ಕೆಲವು ಏಟುಗಳಿಗೆ ಸೆಕೆಂಡಿನ 60ರಲ್ಲಿ ಒಂದು ಪಾಲಿನ ಅವಧಿಯೊಳಗೇ ಗುಂಡಿಯನ್ನು ಒತ್ತಬೇಕು. ತಪ್ಪಿದರೆ ಸರಣಿ ಕಡಿದು ಎದುರಾಳಿಗೆ ದಾರಿಯಾಗುತ್ತದೆ. 'ಮ್ಯಾಕ್ರೊ' ಎಂಬುದು ಆ ಒತ್ತುಗಳನ್ನೆಲ್ಲ ಕಾಲದ ಅಂತರಸಹಿತ ಮೊದಲೇ ಬರೆದಿಟ್ಟು ಒಂದೇ ಗುಂಡಿಗೆ ಕಟ್ಟುವ ಉಪಾಯ. ಹುಡುಗನು ಅದನ್ನು ಗುಟ್ಟಾಗಿ ಬಳಸಿದ್ದನು.

ಆಟ ತಾನೆ ಎಂದು ತಳ್ಳಿಹಾಕುವಂತಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಬಗೆಯ ಆಟದಲ್ಲಿ ದಕ್ಷಿಣ ಕೊರಿಯದ 44 ವರ್ಷದ ಕಿಮ್ ಗ್ವಾನ್-ವೂ ಚಿನ್ನದ ಪದಕ ಪಡೆದರು. ಆ ವಯಸ್ಸಿನಲ್ಲಿ ಬೆರಳನ್ನು ಹಾಗೆ ಪಳಗಿಸಿಟ್ಟುಕೊಳ್ಳುವುದು ಸಾಮಾನ್ಯ ಸಾಧನೆಯಲ್ಲ.

ಆದರೂ ಹುಡುಗನ ವಾದ ಹುರುಳಿಲ್ಲದ್ದಲ್ಲ. 2023ರ 'ಸ್ಟ್ರೀಟ್ ಫೈಟರ್ 6'ರಲ್ಲಿ ತಯಾರಕರೇ 'ಮಾಡರ್ನ್' ಎಂಬ ಸುಲಭ ವಿಧಾನವನ್ನು ಇಟ್ಟಿದ್ದಾರೆ. ಒಂದು ಗುಂಡಿಗೆ ವಿಶೇಷ ಏಟು ಹೊರಡುತ್ತದೆ. "ಅದು ಸಲ್ಲುವುದಾದರೆ ಇದೇಕೆ ಸಲ್ಲದು, ಬುದ್ಧಿ?" ಎಂದನು. ಆದರೆ ಅಲ್ಲಿ ಹಾಗೆ ಹೊರಟ ಏಟಿನ ಬಲ ಶೇಕಡ 20ರಷ್ಟು ಕಡಿಮೆ. ಯಾರು ಯಾವ ವಿಧಾನ ಹಿಡಿದಿದ್ದಾರೆಂಬುದೂ ಪರದೆಯ ಮೇಲೆ ಕಾಣುತ್ತದೆ. ನೆರವು ಪಡೆದವನು ಅದರ ಬೆಲೆಯನ್ನು ಎಲ್ಲರೆದುರು ತೆತ್ತಿರುತ್ತಾನೆ. ಬೆರಳು ಊನವಾದವನು ಎದುರಾಳಿಗೆ ತಿಳಿಸಿ, ಒಪ್ಪಿಸಿ ಯಂತ್ರದ ನೆರವು ಪಡೆದರೆ ಅದನ್ನು ವಂಚನೆಯೆನ್ನಲು ನಮಗೆ ಮನಸ್ಸು ಬಾರದು.

ಮಾದಪ್ಪನ ಬೆಟ್ಟದ ಸೀಮೆಯವನಿಗೆ ಬೀಸು ಕಂಸಾಳೆಯನ್ನು ವಿವರಿಸಬೇಕಾಗಿಲ್ಲ. ಎಡಗೈಯ ಬಟ್ಟಲಿಗೆ, ಬಲಗೈ ಬೀಸಿದ ದಾರದ ತಾಳ ಬಂದು ತಾಗಬೇಕು. ತಾಗದೆಯೂ ಹೋಗಬಹುದು, ನೋಡುವವರು ಉಸಿರು ಬಿಗಿಹಿಡಿಯುವುದು ಅದಕ್ಕಾಗಿಯೇ. ಒಬ್ಬನು ಮರೆಯಲ್ಲಿ ಧ್ವನಿಮುದ್ರಿಕೆಯನ್ನಿಟ್ಟು ಬರಿಯ ಕೈ ಬೀಸಿದರೆ ನಾದ ಇನ್ನೂ ನಿರ್ದುಷ್ಟವಾದೀತು. ಆದರೆ ಅವನ ಪಕ್ಕದಲ್ಲಿ ನಿಜವಾಗಿ ಬೀಸುತ್ತ ಒಮ್ಮೊಮ್ಮೆ ತಪ್ಪುವವನ ಗತಿಯೇನು? ತಪ್ಪುವ ಅಪಾಯವನ್ನು ಅವನು ಪಣಕ್ಕಿಟ್ಟಿದ್ದಾನೆ. ಇವನು ಇಟ್ಟಂತೆ ನಟಿಸಿದ್ದಾನೆ. ನಿಯಮಪುಸ್ತಕದಲ್ಲಿ ನಿಷೇಧವಿರಲಿ, ಇಲ್ಲದಿರಲಿ, ಅನ್ಯಾಯವು ಆ ನಟನೆಯಲ್ಲಿದೆ.

ಬಹುಮಾನವಾಗಿ ಬಂದ ಹೆಡ್‌ಫೋನನ್ನು ಮಠಕ್ಕೆ ಒಪ್ಪಿಸಲೇ ಎಂದು ಕೇಳಿದನು. ಅದು ಮಠಕ್ಕೆ ಸಲ್ಲಬೇಕಾದುದಲ್ಲವೆಂದೆವು. ಸೋತವನಿಗೆ ವಿಷಯವನ್ನು ತಿಳಿಸಿದೆಯಾ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದನು. ಅವನು ಪಕ್ಕದ ಕೋಣೆಯವನಂತೆ. ಈಗ ಆಟವನ್ನೇ ಬಿಟ್ಟಿದ್ದಾನಂತೆ.