ಚಾರ್ ಪುತಳಾ ಹಂತ್ಯಾಕ

“ಚಾರ್ ಪುತಳಾ ಹಂತ್ಯಾಕ ನಿಂದ್ರು, ಬರ್ತೀನಿ.” ಅಕ್ಕಲಕೋಟೆ ಕಡೆಯಿಂದ ಎಸ್‌ಟಿ ಹತ್ತಿ ಸೊಲ್ಲಾಪುರಕ್ಕೆ ಬರುವ ನಮ್ಮಂಥವರಿಗೆ ಈ ಮಾತೇ ವಿಳಾಸ. ಚಾರ್ ಪುತಳಾ ಎಂದರೆ ನಾಲ್ವರ ಮೂರ್ತಿಗಳಿರುವ ಜಾಗ. ಮದುವೆ ಜವಳಿಗೆ ಬಂದವರು, ದವಾಖಾನೆಗೆ ಬಂದವರು, ಎಲ್ಲರೂ ಒಬ್ಬರನ್ನೊಬ್ಬರು ಕಾಯುವುದು ಅಲ್ಲಿಯೇ.

ಕಾಲೇಜಿನ ದಿನಗಳಲ್ಲಿ ಒಮ್ಮೆ ಅಪ್ಪನ ದಾರಿ ಕಾಯುತ್ತ ಅಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೂರ್ತಿಗಳತ್ತ ಕೈ ತೋರಿಸಿ, “ಇವರು ಯಾರು, ಗೊತ್ತೇನಪಾ ತಮ್ಮಾ?” ಎಂದರು. “ಮಲ್ಲಪ್ಪ ಧನಶೆಟ್ಟಿ” ಎಂದೆ, ಹೆಮ್ಮೆಯಿಂದ. “ಉಳಿದ ಮೂವರು?” ನಾನು ಬಾಯಿ ಬಿಡಲಿಲ್ಲ. ಕಿವಿಗೆ ನಮ್ಮವರೆನಿಸಿದ ಹೆಸರೊಂದನ್ನೇ ಆರಿಸಿಕೊಂಡು ಅಷ್ಟು ವರ್ಷ ಓಡಾಡಿದ್ದೆನಲ್ಲ! ಅವರು ಬೈಯಲಿಲ್ಲ. ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಎಂದು ಒಂದೊಂದೇ ಹೆಸರು ಹೇಳಿದರು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

1930ರ ಮೇ ತಿಂಗಳು. ಗಾಂಧೀಜಿಯ ಬಂಧನದ ಸುದ್ದಿಗೆ ಊರು ಎದ್ದಿತು, ಗುಂಡು ಹಾರಿದವು, ಪೊಲೀಸರು ಊರು ಬಿಟ್ಟರು. ಕೆಲವು ದಿನ ಜನರೇ ಊರನ್ನು ನಡೆಸಿದರು. ಮಾರ್ಷಲ್ ಲಾ ಬಂತು. ಪೊಲೀಸರ ಕೊಲೆಯ ಆರೋಪ ಹೊರಿಸಿ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಒಬ್ಬ ಮಾರವಾಡಿ, ಒಬ್ಬ ಮರಾಠಾ, ಒಬ್ಬ ಮುಸಲ್ಮಾನ, ಇನ್ನೊಬ್ಬರು ನಾನು ನನ್ನವರೆಂದುಕೊಂಡ ಮಲ್ಲಪ್ಪ. ಗಲ್ಲಿನ ಹಗ್ಗಕ್ಕೆ ಆ ಭೇದ ತಿಳಿದಿರಲಿಲ್ಲ. ಮೂರ್ತಿಗಳ ಕೆಳಗೆ ನಿಂತ ನನಗೆ ತಿಳಿದಿತ್ತು. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಜನವರಿ 12 ಎಂದರೆ ಸಂಕ್ರಾಂತಿಯ ಹೊಸ್ತಿಲು. ಸಿದ್ಧರಾಮನ ಗಡ್ಡಾ ಜಾತ್ರೆಗೆ ನಂದಿಧ್ವಜಗಳು ಸಜ್ಜಾಗುವ ಹೊತ್ತು. ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ಕೆರೆ ಕಟ್ಟಿಸಿದವನು ಸಿದ್ಧರಾಮ. ಕೆರೆಯ ನೀರು ಮುಟ್ಟುವವನ ಮನೆತನ ಕೇಳುವುದಿಲ್ಲ. ಊರೆಲ್ಲ ಹಬ್ಬಕ್ಕೆ ನೀರು ಕಾಸುತ್ತಿದ್ದ ಆ ಹೊತ್ತಿನಲ್ಲಿ ನಾಲ್ಕು ಮನೆಗಳ ಒಲೆ ಹೇಗಿದ್ದೀತು? ಜಾತ್ರೆಗೆ ಹೋದಾಗಲೆಲ್ಲ ಈ ಪ್ರಶ್ನೆ ನನ್ನ ಜತೆಗೇ ಬರುತ್ತದೆ.

ಮೊನ್ನೆ ಮಗಳು ಫೋನು ಮಾಡಿ, “ಎಲ್ಲಿ ನಿಂದರಲಿ ಅಪ್ಪಾ?” ಎಂದಳು.

“ಕುರ್ಬಾನ್ ಹುಸೇನರ ಹಂತ್ಯಾಕ ನಿಂದ್ರವ್ವಾ.”

“ಯಾರವರು?”

“ಚಾರ್ ಪುತಳಾಕ್ಕ ಬಾ, ಹೇಳ್ತೀನಿ.”